ಅಂಗಾತ ತೇಲುವ ಗೋಲ್ಡ್‌ಫಿಶ್: ಬಟಾಣಿಗಿಂತ ಮೊದಲು ಮಾಡಬೇಕಾದ್ದು

ಗೋಲ್ಡ್‌ಫಿಶ್ ಅಂಗಾತ ತೇಲಲು ಶುರುವಾದರೆ ನಮ್ಮ ದಾವಣಗೆರೆಯಲ್ಲಿ ಮೀನು ಸಾಕುವವರ ಬಾಯಲ್ಲಿ ಎರಡೇ ಮಾತು: ‘ಬಟಾಣಿ ಹಾಕು’, ಇಲ್ಲಾಂದ್ರೆ ‘ಬಿಟ್ಟಾಕು, ಬೇರೆ ತಗೋ’. ಮೂರು ದಿನ ಉಪವಾಸ, ಗೇಣಿಗಿಂತ ಕಡಿಮೆ ನೀರು, 26 ಡಿಗ್ರಿ ಬಿಸಿ, ಅಳತೆ ಮಾಡಿದ ಎಪ್ಸಂ ಸಾಲ್ಟ್, ಅದಾದ ಮೇಲೆ ಮುಳುಗುವ ತಿಂಡಿ ಎಂದು ನಾನು ಹೇಳಿದಾಗ ‘ನೂರೈವತ್ತು ರೂಪಾಯಿ ಮೀನಿಗೆ ಬಾಣಂತನ ಮಾಡ್ತೀಯಾ’ ಎಂದು ನಕ್ಕವರೇ ಹೆಚ್ಚು. ಎರಡು ಚಳಿಗಾಲದಲ್ಲಿ ನನ್ನ ಚಿಕಿತ್ಸೆಯ ಟಬ್ಬಿಗೆ ಬಂದ ಸುಮಾರು ಹದಿನೈದು ಮೀನಿನಲ್ಲಿ ಹತ್ತೋ ಹನ್ನೊಂದೋ ನೆಟ್ಟಗಾದವು. ನಕ್ಕವರಲ್ಲಿ ಇಬ್ಬರ ಮೀನೂ ಅದರಲ್ಲಿ ಸೇರಿವೆ.

ಮೊದಲು ಹಾಳಾದ ದುಡ್ಡಿನ ಲೆಕ್ಕ. ಮೆಥಿಲೀನ್ ಬ್ಲೂ, ‘ಎಲ್ಲಾ ರೋಗಕ್ಕೂ’ ಎಂದು ಕೊಟ್ಟ ಹಳದಿ ಡ್ರಾಪ್ಸ್, ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್, ಇನ್ನೊಂದು ಮತ್ತೊಂದು ಸೇರಿ ಸಾವಿರದ ನಾನೂರರ ಹತ್ತಿರ ಹೋಯಿತು. ಮೆಥಿಲೀನ್ ಬ್ಲೂ ಫಿಲ್ಟರ್ ಸ್ಪಾಂಜಿನಲ್ಲಿದ್ದ, ಮೀನಿನ ಹೊಲಸು ಅರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಕ್ಕೇ ಏಟು ಕೊಟ್ಟು ನೀರಿನಲ್ಲಿ ಅಮೋನಿಯಾ ಏರಿಸಿತು. ಟೆಟ್ರಾಸೈಕ್ಲಿನ್ ನಮ್ಮ ಬೋರ್ ನೀರಿಗೆ ದಂಡ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಅದನ್ನು ಕಟ್ಟಿಹಾಕುತ್ತವೆ, ಮೀನಿನ ಮೈಗೆ ಸೇರುವುದು ಅಷ್ಟಕ್ಕಷ್ಟೆ. ನೀರು ಕಂದು ಬಣ್ಣಕ್ಕೆ ತಿರುಗಿದ್ದೊಂದೇ ಲಾಭ.

ಔಷಧಿಗೆ ಕೈ ಹಾಕುವ ಮೊದಲು ನೀರಿನಲ್ಲಿ ಅಮೋನಿಯಾ, ನೈಟ್ರೈಟ್ (ಎರಡೂ ಮೀನಿಗೆ ವಿಷ) ಎಷ್ಟಿದೆ ಎಂದು ಪರೀಕ್ಷೆಯ ಕಿಟ್‌ನಲ್ಲಿ ನೋಡಿ. ಸೊನ್ನೆಗಿಂತ ಮೇಲೆ ತೋರಿಸಿದರೆ ಅರ್ಧ ನೀರು ಬದಲಿಸಿ ಒಂದು ದಿನ ಕಾಯಿರಿ. ‘ಗಾಳಿಚೀಲ (ಮೀನನ್ನು ನೀರಿನಲ್ಲಿ ಸಮವಾಗಿ ನಿಲ್ಲಿಸುವ ಒಳಗಿನ ಚೀಲ) ಕೆಟ್ಟಿದೆ’ ಎಂದು ತಂದುಕೊಟ್ಟ ಮೂರ್ನಾಲ್ಕು ಮೀನು ಇಷ್ಟಕ್ಕೇ ಸರಿಹೋದವು. ತಿಂದ ಅರ್ಧ ಗಂಟೆಗೆ ತೇಲಿ, ಬೆಳಗಾಗುವಷ್ಟರಲ್ಲಿ ನೆಟ್ಟಗಾಗುವ ಮೀನಿಗೆ ಹೊಟ್ಟೆಯ ತೊಂದರೆ, ಅದು ಈ ವಿಧಾನಕ್ಕೆ ಬಗ್ಗುತ್ತದೆ. ಬಿಳಿ ದಾರದಂಥ ಹೇಲು ಜೋತುಬಿದ್ದಿದ್ದರೂ, ಹೊಟ್ಟೆ ಒಂದೇ ಕಡೆ ಉಬ್ಬಿದ್ದರೂ ಪ್ರಯತ್ನಿಸಬಹುದು. ಹುರುಪೆ ಎದ್ದು ಮೈ ಸೀತಾಫಲದ ಸಿಪ್ಪೆಯಂತೆ ಕಂಡರೆ ಅದು ಡ್ರಾಪ್ಸಿ, ಮೈಯೊಳಗೆ ನೀರು ತುಂಬುವ ಕಾಯಿಲೆ. ಅಂಥವು ನನ್ನ ಕೈಯಲ್ಲಿ ಒಂದೂ ಉಳಿದಿಲ್ಲ. ಏಪ್ರಿಲ್‌ನಲ್ಲಿ ನೀರು 31–32 ಡಿಗ್ರಿಗೆ ಹೋದಾಗ ಮೀನು ಮೇಲೆ ಬಂದು ಬಾಯಿ ಬಡಿಯುವುದು ಆಮ್ಲಜನಕದ ಕೊರತೆಗೆ. ಅದನ್ನೂ ಇದಕ್ಕೆ ಸೇರಿಸಿ ಉಪ್ಪು ಸುರಿಯಬೇಡಿ, ಇನ್ನೊಂದು ಏರ್ ಸ್ಟೋನ್ (ಪಂಪಿನ ಗಾಳಿಯನ್ನು ಗುಳ್ಳೆಯಾಗಿ ಬಿಡುವ ಕಲ್ಲು) ಹಾಕಿ.

ಟಬ್ಬಿನ ವಿಷಯ. 40 ಲೀಟರಿನ ಅಗಲ ಬಾಯಿಯದು, ನೂರೆಂಬತ್ತಕ್ಕೆ ಸಿಗುತ್ತದೆ. ನೀರು 15 ಸೆಂ.ಮೀ. ಎತ್ತರ, ಅಂದರೆ ನನ್ನ ಟಬ್ಬಿನಲ್ಲಿ 25 ಲೀಟರ್. ಇದನ್ನು ಅಂದಾಜಿನಲ್ಲಿ ಬಿಡಬೇಡಿ. ಲೀಟರ್ ಗೆರೆ ಇರುವ ಬಕೆಟ್ಟಿನಲ್ಲಿ ಅಳೆದು ಹಾಕಿ, ಹೊರಗಡೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಟಬ್ಬಿನ ಮೇಲೆ ಬರೆದ 40 ನಂಬಿ ಉಪ್ಪು ಹಾಕಿದರೆ ಒಂದೂವರೆ ಪಟ್ಟಿಗೂ ಜಾಸ್ತಿ ಬೀಳುತ್ತದೆ. ಹಳೆಯ ಟ್ಯಾಂಕಿನ ನೀರು ಅರ್ಧ, ಹೊಸದು ಅರ್ಧ. ನಲ್ಲಿಯಲ್ಲಿ ಬಂದ ಕುಂದುವಾಡ ಕೆರೆ ನೀರಾದರೆ ಕ್ಲೋರಿನ್ ತೆಗೆಯುವ ಆಂಟಿಕ್ಲೋರ್ ಬೇಕೇ ಬೇಕು, ಬ್ಲೀಚಿಂಗ್ ವಾಸನೆ ಹೊಡೆದ ದಿನ ಮರೆಯಲೇಬೇಡಿ. ಬೋರ್ ನೀರಾದರೆ ರಾತ್ರಿಯಿಡೀ ಏರ್ ಪಂಪ್ ಬಿಟ್ಟೇ ಬಳಸಿ. ಆಗಷ್ಟೇ ಮೇಲೆತ್ತಿದ ನೀರಿನಲ್ಲಿ ಆಮ್ಲಜನಕ ಕಡಿಮೆ, ಬೇರೆ ಅನಿಲ ಜಾಸ್ತಿ. ಆರೋಗ್ಯದ ಮೀನೂ ಅದರಲ್ಲಿ ತಡವರಿಸುತ್ತದೆ.

50 ವ್ಯಾಟ್ ಹೀಟರ್ ಸಾಕು. ಡಿಸೆಂಬರ್, ಜನವರಿಯ ಬೆಳಗ್ಗೆ ನಮ್ಮ ಹಾಲ್‌ನಲ್ಲೇ ನೀರು 20ಕ್ಕೆ ಇಳಿದಿರುತ್ತದೆ. ಆ ತಣ್ಣೀರಿನಲ್ಲಿ ತಿಂದದ್ದು ಅರಗುವುದು ನಿಧಾನ, ನನ್ನ ಹತ್ತಿರ ಬರುವ ಕೇಸುಗಳಲ್ಲಿ ಅರ್ಧ ಈ ಎರಡು ತಿಂಗಳವೇ. ದಿನಕ್ಕೆ ಎರಡು ಮೂರು ಡಿಗ್ರಿಯಂತೆ 26ಕ್ಕೆ ಏರಿಸಿ. 15 ಸೆಂ.ಮೀ. ನೀರಿನಲ್ಲಿ ಹೀಟರ್ ನಿಲ್ಲಿಸಿದರೆ ಮೇಲ್ಭಾಗ ಹೊರಗೆ ಉಳಿದು, ತಣ್ಣೀರು ತಾಗಿದ ಕೂಡಲೇ ಗಾಜು ಟಪ್ ಅನ್ನುತ್ತದೆ. ನಾನ್ನೂರು ರೂಪಾಯಿ ಹೀಗೆ ಹೋಯಿತು. ಪೂರ್ತಿ ಮುಳುಗಿಸಬಹುದಾದದ್ದನ್ನೇ ಕೊಂಡು ಅಡ್ಡ ಮಲಗಿಸಿ, ಪ್ಲಾಸ್ಟಿಕ್ಕಿಗೆ ತಾಗದಂತೆ ಸಕ್ಷನ್ ಕಪ್ ಹಾಕಿ. ನೀರು ಬದಲಿಸುವ ಕಾಲು ಗಂಟೆ ಮೊದಲೇ ಸ್ವಿಚ್ ಆರಿಸಿ.

ಎಪ್ಸಂ ಸಾಲ್ಟ್ ಅಂದರೆ ಮೆಗ್ನೀಷಿಯಂ ಸಲ್ಫೇಟ್. ಅಡಿಗೆ ಉಪ್ಪೂ ಕಲ್ಲುಪ್ಪೂ ಇದರ ಕೆಲಸ ಮಾಡುವುದಿಲ್ಲ. ಅವು ನೈಟ್ರೈಟ್ ಏರಿದಾಗ ಉಪಯೋಗ, ಕರುಳು ಸಡಿಲಿಸಲು ಅಲ್ಲ. ಗೊಬ್ಬರದ ಅಂಗಡಿಯಲ್ಲಿ ಅಡಿಕೆ ತೋಟಕ್ಕೆ ಮಾರುವುದೂ ಇದೇ, ಕಾಲು ಬೆಲೆಗೆ ಸಿಗುತ್ತದೆ. ನಾನೂ ತಂದು ನೋಡಿದೆ: ತಳದಲ್ಲಿ ಬೂದು ಗಸಿ ಕೂತಿತು, ಅದೇನೆಂದು ಗೊತ್ತಾಗಲಿಲ್ಲ, ಚೆಲ್ಲಿದೆ. ಮೆಡಿಕಲ್ ಶಾಪಿನದೇ ವಾಸಿ. ಅಳತೆ 20 ಲೀಟರಿಗೆ ಒಂದು ಸಪಾಟು ಟೇಬಲ್ ಚಮಚ, 15 ಗ್ರಾಂ ಆಸುಪಾಸು. ನನ್ನ 25 ಲೀಟರಿಗೆ 18–19 ಗ್ರಾಂ. ಒಂದು ಮಗ್ ಟಬ್ ನೀರಿನಲ್ಲಿ ಪೂರ್ತಿ ಕರಗಿಸಿ, ಮೂರು ಪಾಲು ಮಾಡಿ, ನಾಲ್ಕು ಗಂಟೆಗೊಂದರಂತೆ ಸುರಿಯಿರಿ. ದಿನಾ ಐದು ಲೀಟರ್ ತೆಗೆದು ಐದು ಹಾಕಿದರೆ ಆ ಐದಕ್ಕಷ್ಟೇ ಉಪ್ಪು, ಹೆಚ್ಚೆಂದರೆ ನಾಲ್ಕು ಗ್ರಾಂ. ಆವಿಯಾದ ನೀರಿಗೆ ಉಪ್ಪಿಲ್ಲದ ನೀರು ತುಂಬಿ. ಪ್ರತಿ ಸಲವೂ ಇಡೀ ಚಮಚ ಹಾಕಿ ಒರಾಂಡಾ ಜಾತಿಯ ಒಂದು ಬಿಳಿ ಗೋಲ್ಡ್‌ಫಿಶ್ ಕಳೆದುಕೊಂಡದ್ದು ನನ್ನದೇ ದಡ್ಡತನ.

ಈ ಮೂರು ದಿನ ತಿಂಡಿ ಪೂರ್ತಿ ಬಂದ್. ಕೈ ಕಂಡ ಕೂಡಲೇ ಬಾಲ ಆಡಿಸಿದರೂ ಮನಸ್ಸು ಗಟ್ಟಿ ಮಾಡಿಕೊಳ್ಳಿ. ದೊಡ್ಡ ಮೀನು ವಾರ ಹಸಿದರೂ ಸಾಯುವುದಿಲ್ಲ.

ಅಂಗಾತ ತೇಲಿದ ಮೀನಿನ ಹೊಟ್ಟೆ ನೀರಿನ ಹೊರಗೆ ಉಳಿದರೆ ಅರ್ಧ ದಿನದಲ್ಲೇ ಚರ್ಮ ಒಣಗಿ ಕೆಂಪಗಾಗುತ್ತದೆ, ಮುಂದೆ ಅದು ಹುಣ್ಣು. ಎಷ್ಟೋ ಮೀನು ಗಾಳಿಯಿಂದಲ್ಲ, ಈ ಹುಣ್ಣಿನಿಂದ ಹೋಗುತ್ತವೆ. ತರಕಾರಿಯ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಬೋರಲು ಹಾಕಿ, ಅದರ ಬುಡ ನೀರಿನ ಮಟ್ಟಕ್ಕಿಂತ ಎರಡು ಬೆರಳು ಕೆಳಗಿರುವಂತೆ ಕತ್ತರಿಸಿ, ಮೇಲೆ ಕಲ್ಲಿಡಿ. ಮೀನು ಒಳಗೆ, ಏರ್ ಸ್ಟೋನ್ ಬುಟ್ಟಿಯ ಹೊರಗೆ. ಒಳಗಿಟ್ಟರೆ ಗುಳ್ಳೆಗಳು ಬುಡದಡಿ ಸೇರಿ ಮೀನು ಅವನ್ನೇ ನುಂಗುತ್ತದೆ. ಕತ್ತರಿಸಿದ ಅಂಚನ್ನು ಮೇಣದಬತ್ತಿಯಲ್ಲಿ ಸವರಿ ಮೊಂಡು ಮಾಡಿ, ಬಾಲ ಹರಿಯದಿರಲಿ.

ಎರಡನೇ ದಿನ ಸಂಜೆಗೋ ಮೂರನೇ ದಿನವೋ ಕಪ್ಪು ಹೇಲಿನ ತುಂಡು ತಳದಲ್ಲಿ ಕಂಡರೆ ದಾರಿ ಬಿಟ್ಟಿತು ಎಂದು ತಿಳಿಯಿರಿ. ಮೂರು ದಿನದ ಉಪವಾಸ ಮುಗಿದ ಮೇಲೆ ಬಟಾಣಿ. ಫ್ರೋಜನ್ ಬಟಾಣಿ ಒಂದು ಕುದಿ ಬರಿಸಿ, ಸಿಪ್ಪೆ ಸುಲಿದು, ಬೆರಳಲ್ಲಿ ಹಿಸುಕಿ, ಎಂಟು ಸೆಂ.ಮೀ. ಮೀನಿಗೆ ಅರ್ಧ ಕಾಳು. ಬಟಾಣಿಯಲ್ಲಿ ಮಂತ್ರವೇನಿಲ್ಲ, ನಾರಿದೆ, ಮುಳುಗುತ್ತದೆ, ಅಷ್ಟೆ. ಬೆಟ್ಟಾಗೆ (ಫೈಟರ್ ಮೀನಿಗೆ) ಇದನ್ನು ಕೊಡಬೇಡಿ, ಅದು ಮಾಂಸಾಹಾರಿ, ಡ್ಯಾಫ್ನಿಯಾ ಎಂಬ ನೀರಿನ ಸಣ್ಣ ಹುಳು ಸಾಕು.

ಆದರೆ ಬಟಾಣಿಯಲ್ಲೇ ನಿಂತು ಮತ್ತೆ ತೇಲುವ ಪೆಲೆಟ್‌ಗೆ (ಅಂಗಡಿಯ ಒಣ ಕಾಳು ತಿಂಡಿಗೆ) ಹೋದರೆ ಹದಿನೈದು ದಿನಕ್ಕೆ ಮೀನು ವಾಪಸ್ ಟಬ್ಬಿಗೆ. ಅದಕ್ಕೇ ಚೈನಾ ಗ್ರಾಸ್ ಜೆಲ್. 250 ಮಿ.ಲೀ. ನೀರಿಗೆ 5 ಗ್ರಾಂ ಚೈನಾ ಗ್ರಾಸ್ ಪುಡಿ, ಎರಡು ನಿಮಿಷ ಚೆನ್ನಾಗಿ ಕುದಿಯಬೇಕು. ಕೆಳಗಿಳಿಸಿ, 100 ಗ್ರಾಂ ಬಟಾಣಿ, ಒಂದು ಹಿಡಿ ಪಾಲಕ್, 50 ಗ್ರಾಂ ಬೇಯಿಸಿದ ಸಿಗಡಿ ರುಬ್ಬಿದ್ದನ್ನು ಬೆಚ್ಚಗೆ ಮಾಡಿ ಬೆರೆಸಿ. ತಣ್ಣಗಿನ ಮಿಶ್ರಣ ಸುರಿದರೆ ಚೈನಾ ಗ್ರಾಸ್ ಅಲ್ಲಲ್ಲೇ ಹೆಪ್ಪುಗಟ್ಟಿ ಗಂಟಾಗುತ್ತದೆ. ಸ್ಟೀಲ್ ತಟ್ಟೆಯಲ್ಲಿ ಕೊಬ್ಬರಿ ಮಿಠಾಯಿ ಹೊಯ್ದಂತೆ ಹೊಯ್ದು, ಮೀನಿನ ಕಣ್ಣಿನ ಗಾತ್ರಕ್ಕೆ ಕೊಯ್ಯಿರಿ. 3 ಗ್ರಾಂನಲ್ಲಿ ಮಾಡಿದ್ದು ನೀರಿಗೆ ಬಿದ್ದ ಕೂಡಲೇ ಬಿಡಿಸಿಕೊಂಡು ಟ್ಯಾಂಕ್ ರಾಡಿಯಾಯಿತು. ಫ್ರೀಜರ್‌ನಲ್ಲಿಟ್ಟದ್ದು ಕರಗಿಸಿದಾಗ ನೀರು ಬಿಟ್ಟು ಪುಡಿಯಾಯಿತು. ಫ್ರಿಜ್‌ನ ಕೆಳಗಿನ ಖಾನೆಯಲ್ಲಿ ಐದಾರು ದಿನ ಇಟ್ಟು, ಉಳಿದದ್ದು ಚೆಲ್ಲಿ. ಇದಕ್ಕೆ ನಾನು ಸೇರಿಸುವ ಇನ್ನೊಂದು ಸಾಮಾನು ನಮ್ಮ ಅಡಿಗೆಮನೆಯ ಡಬ್ಬಿಯದೇ, ಅದನ್ನು ಮಾತ್ರ ಇಲ್ಲಿ ಬಿಚ್ಚುವುದಿಲ್ಲ.

ತೇಲುವ ತಿಂಡಿ ಅಂದಾಗ ನಮ್ಮೂರಲ್ಲಿ ಮಂಡಕ್ಕಿಯನ್ನು ಬಿಡಲಾಗದು. ನೆಂಟರ ಮಕ್ಕಳು ಟ್ಯಾಂಕಿಗೆ ಎಸೆಯುವ ಮೊದಲ ವಸ್ತು ಅದೇ. ಮೇಲೆ ತೇಲುತ್ತದೆ, ಮೀನು ಗಾಳಿಯ ಜೊತೆ ನುಂಗುತ್ತದೆ, ಒಳಗೆ ಹಿಟ್ಟಾಗಿ ಅಂಟುತ್ತದೆ, ಒಗ್ಗರಣೆಯದಾದರೆ ಎಣ್ಣೆ ಬೇರೆ. ಒಂದು ಸ್ಟೀಲ್ ಲೋಟದಲ್ಲಿ ಮಂಡಕ್ಕಿ, ಇನ್ನೊಂದರಲ್ಲಿ ತೇಲುವ ಪೆಲೆಟ್ ನೆನೆಹಾಕಿ ನೋಡಿದೆ: ಪೆಲೆಟ್ ಹತ್ತು ನಿಮಿಷದಲ್ಲಿ ಸುಮಾರು ಒಂದೂವರೆ ಪಟ್ಟು ಊದಿತು, ಮಂಡಕ್ಕಿ ಗಂಜಿಯಾಯಿತು. ಅಂದಿನಿಂದ ಬೇರೆಯವರಿಗೆ ಪೆಲೆಟ್ ಹಾಕಲೇಬೇಕೆಂದಿದ್ದರೆ ಹತ್ತು ನಿಮಿಷ ನೆನೆಸಿ, ನೀರೊಳಗೇ ಹಿಂಡಿ ಗಾಳಿ ತೆಗೆದು ಬಿಡಲು ಹೇಳುತ್ತೇನೆ.

ತಳ ಬಿಟ್ಟು ಏಳದ ಮೀನಿಗೆ ಈ ಮದ್ದು ಅಷ್ಟಾಗಿ ಹತ್ತುವುದಿಲ್ಲ. ಮೂರ್ ಜಾತಿಯ ಒಂದು ಕಪ್ಪು ಗೋಲ್ಡ್‌ಫಿಶ್‌ಗೆ ಏರ್ ಟ್ಯೂಬಿನ ಬಳೆ ಮಾಡಿ ಬೆನ್ನಿಗೆ ಕಾರ್ಕ್ ತುಂಡು ಕಟ್ಟಿದ್ದೆ. ಬ್ಲೇಡಿನಲ್ಲಿ ಕಾರ್ಕ್ ಹೆರೆಯುತ್ತಾ ಹೆರೆಯುತ್ತಾ ಗುಲಗಂಜಿಯಷ್ಟಾದಾಗ ಮೀನು ಸಮವಾಗಿ ನಿಂತಿತು. ನೋಡಲು ಚೆಂದವಿತ್ತು, ಆದರೆ ನಾಲ್ಕನೇ ದಿನ ಬಳೆ ಉಜ್ಜಿದ ಕಡೆ ಲೋಳೆ ಹೋಗಿ ಹುರುಪೆ ಉದುರಿತು. ಬಿಚ್ಚಿಹಾಕಿದೆ. ಈಗ ಅದು ಜಲ್ಲಿ ತೆಗೆದ ಬರಿ ತಳದ ಟ್ಯಾಂಕಿನಲ್ಲಿ, 20 ಸೆಂ.ಮೀ. ನೀರಿನಲ್ಲಿ ಹೊಟ್ಟೆ ಊರಿಕೊಂಡೇ ಇದೆ. ಜೆಲ್ ತುಂಡನ್ನು ಇಕ್ಕಳದಲ್ಲಿ ಬಾಯಿಯ ಹತ್ತಿರ ಹಿಡಿದರೆ ತಿನ್ನುತ್ತದೆ.

ವಾಸಿಯಾದದ್ದನ್ನು ವಾಪಸ್ ಬಿಡುವಾಗ ಅವಸರ ಬೇಡ. ಮೂರು ದಿನ, ದಿನಾ ಟಬ್ಬಿನ ಮೂರನೇ ಒಂದು ಪಾಲು ನೀರು ತೆಗೆದು ಉಪ್ಪಿಲ್ಲದ ನೀರು ಹಾಕಿ, ಹೀಟರ್ ದಿನಕ್ಕೆ ಎರಡು ಡಿಗ್ರಿ ಇಳಿಸಿ. ಒಂದೂವರೆ ಅಡಿ ಟ್ಯಾಂಕಾದರೆ ಮೊದಲು ಅರ್ಧಕ್ಕೆ ನೀರು ಇಳಿಸಿ ಬಿಟ್ಟು, ದಿನಾ ನಾಲ್ಕು ಬೆರಳಿನಂತೆ ಏರಿಸುತ್ತಾ ಹೋಗಿ. ಏರಿಸಿದ ಸಂಜೆ ಮೀನು ಮತ್ತೆ ಓರೆಯಾದರೆ ಆ ನಾಲ್ಕು ಬೆರಳು ವಾಪಸ್ ತೆಗೆದು ಎರಡು ದಿನ ಅಲ್ಲೇ ನಿಲ್ಲಿಸಿ.