ಪುಣೆಯ ಹವೆಯಲ್ಲಿ ಗೋಸುಂಬೆಯ ಉಸಿರು ಕಾಯುವ ಕ್ರಮ

ಗೋಸುಂಬೆಗೆ ವಪೆಯಿಲ್ಲ (ಎದೆ, ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ), ನಮ್ಮ ಹಾಗೆ ಕೆಮ್ಮಿ ಕಫ ಹೊರಹಾಕಲು ಆಗುವುದಿಲ್ಲ. ಶ್ವಾಸಕೋಶಕ್ಕೆ ಸೋಂಕು ತಗುಲಿದರೆ ಲೋಳೆ ಒಳಗೇ ಕೂರುತ್ತದೆ. ಅದಕ್ಕೇ ನಾನು ಗೂಡಿನ ಬಿಸಿ, ತೇವ, ಗಾಳಿಯ ಮೇಲೆ ಇಷ್ಟು ಕಣ್ಣಿಡುವುದು. ಇದು ಯೆಮನ್, ಸೌದಿ ಅರೇಬಿಯಾ ಮೂಲದ ವೇಲ್ಡ್ (Veiled) ಎಂಬ ಗೋಸುಂಬೆ ಜಾತಿಯ ಬೆಳೆದ ಗಂಡಿಗೆ ಮಾಡಿಕೊಂಡ ಏರ್ಪಾಡು. ನಮ್ಮ ಬೇಲಿಗಳಲ್ಲಿ ಕಾಣುವ ಗೋಸುಂಬೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ, ಅದನ್ನು ಸಾಕುವಂತಿಲ್ಲ. ವೇಲ್ಡ್ ಜಾತಿಯನ್ನೂ ಕೇಂದ್ರ ಪರಿಸರ ಸಚಿವಾಲಯದ ಜಾಲತಾಣ ಪರಿವೇಶ್ 2.0ರಲ್ಲಿ ನೋಂದಾಯಿಸಬೇಕು.

ಗೂಡು 2×2 ಅಡಿ, ಎತ್ತರ 4 ಅಡಿ, ಸುತ್ತಲೂ ಅಲ್ಯೂಮಿನಿಯಂ ಜಾಲರಿ. ತಳದಲ್ಲಿ ಮಣ್ಣಿಲ್ಲ, ನೀರು ಬಸಿಯುವ ಟ್ರೇ ಮಾತ್ರ. 50 ವ್ಯಾಟ್ ಹ್ಯಾಲೊಜೆನ್ ಬಲ್ಬು ಜಾಲರಿಯ ಹೊರಗೆ, ಕೊಂಬೆಯಿಂದ ಸುಮಾರು 25 ಸೆಂ.ಮೀ. ಮೇಲೆ. ಅಳೆಯಬೇಕಾದ್ದು ಕೊಂಬೆಯ ಬಿಸಿಯಲ್ಲ, ಪ್ರಾಣಿ ಕೂತಾಗ ಅದರ ಬೆನ್ನು, ನೆತ್ತಿ ಬರುವ ಎತ್ತರದ ಬಿಸಿ. ಥರ್ಮಾಮೀಟರಿನ ಪ್ರೋಬನ್ನು ಅಲ್ಲಿಗೇ ಕಟ್ಟಿ, 29–30 ಡಿಗ್ರಿ ಬರುವವರೆಗೆ ಬಲ್ಬನ್ನು ಏರಿಸಿ ಇಳಿಸುತ್ತೇನೆ. ಇದನ್ನು ಬಿಟ್ಟರೆ ನೆತ್ತಿಯ ಮೇಲಿನ ಮೂಳೆಯ ಶಿಖೆ ಸುಡುತ್ತದೆ. ಕೆಳಗಿನ ಎಲೆಗಳ ನಡುವೆ 24 ಡಿಗ್ರಿ ಸಾಕು.

ತೇವದ ವಿಷಯದಲ್ಲೇ ಹೆಚ್ಚು ಜನ ಎಡವುವುದು. ತಂಪಿನ ಜೊತೆಗಿನ ತೇವ ಒಳ್ಳೆಯದು, ಸೆಕೆಯ ಜೊತೆಗೆ ನಿಂತ ತೇವ ಸೋಂಕಿಗೆ ದಾರಿ. ಹಗಲು ತೇವಾಂಶ 40–50 ಶೇಕಡಾ, ರಾತ್ರಿ 80ರ ಮೇಲೆ ಇರಲಿ. ದೀಪ ಹತ್ತುವ ಮೊದಲು ಎರಡು ನಿಮಿಷ, ಆರಿದ ಮೇಲೆ ಎರಡು ನಿಮಿಷ ನೀರು ಸಿಂಪಡಿಸುತ್ತೇನೆ. ಮಧ್ಯಾಹ್ನ ಕುಡಿಯಲು 20 ನಿಮಿಷ ಹನಿ ನೀರು. ಫಾಗರ್ (ನೀರನ್ನು ಮಂಜಾಗಿ ಬಿಡುವ ಯಂತ್ರ) ಹಾಕುವುದು ರಾತ್ರಿ ಉಷ್ಣಾಂಶ 20ಕ್ಕಿಂತ ಇಳಿದಾಗ ಮಾತ್ರ, ಅದೂ ಆರ್‌ಒ ನೀರಿನಲ್ಲಿ. ಅದರ ತೊಟ್ಟಿಯಲ್ಲಿ ಲೋಳೆ ಕಟ್ಟಿದರೆ ಮಂಜಿನ ಜೊತೆ ಬ್ಯಾಕ್ಟೀರಿಯಾವೂ ಎದೆಗಿಳಿಯುತ್ತದೆ, ವಾರಕ್ಕೊಮ್ಮೆ ಉಜ್ಜಿ ಒಣಗಿಸಿ.

ಪುಣೆಯ ಮಳೆಗಾಲದಲ್ಲಿ ಕೋಣೆಯ ತೇವವೇ 85 ದಾಟುತ್ತದೆ. ಆಗ ಸಂಜೆಯ ಸಿಂಪಡಣೆ, ಫಾಗರ್ ಎರಡೂ ಬಂದ್. ಗೂಡಿನ ತಲೆಯ ಮೇಲೆ 12 ಸೆಂ.ಮೀ.ನ ಕಂಪ್ಯೂಟರ್ ಫ್ಯಾನು, ಗಾಳಿ ಹೊರಗೆಳೆಯುವಂತೆ. ಬೆಳಿಗ್ಗೆ ಹತ್ತರೊಳಗೆ ಎಲೆ ಒಣಗದಿದ್ದರೆ ಗಾಳಿ ಸಾಲದು ಎಂದರ್ಥ. ಜಾಲರಿಗೆ ಪ್ಲಾಸ್ಟಿಕ್ ಹೊದಿಸಬೇಡಿ. ಚಳಿಗಾಲದ ರಾತ್ರಿ ಕೋಣೆ 15ಕ್ಕೆ ಇಳಿದರೆ ಬೆಳಕಿಲ್ಲದ ಸಿರಾಮಿಕ್ ಹೀಟರ್, ಥರ್ಮೋಸ್ಟಾಟ್ ಮೂಲಕವೇ. ಏಪ್ರಿಲ್‌ನಲ್ಲಿ ಕೋಣೆ 32 ದಾಟಿದರೆ ಹ್ಯಾಲೊಜೆನ್ ಆರಿಸಿ ಯುವಿಬಿ ಟ್ಯೂಬು (ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಕೊಡುವ ದೀಪ) ಮಾತ್ರ ಉಳಿಸುತ್ತೇನೆ. ಸೊಳ್ಳೆ ಬತ್ತಿ, ಧೂಪ, ದೀಪಾವಳಿಯ ಹೊಗೆ ಆ ಕೋಣೆಗೆ ಬರಕೂಡದು.

ಬಾಯಿ ತೆರೆದದ್ದೆಲ್ಲ ರೋಗವಲ್ಲ. ಬಲ್ಬಿನ ಕೆಳಗೆ ತೆರೆದು, ನೆರಳಿಗೆ ಸರಿದು ಹತ್ತು ನಿಮಿಷದಲ್ಲಿ ಮುಚ್ಚಿದರೆ ಅದು ಸೆಕೆ. ತಂಪಿನಲ್ಲೂ ಬಾಯಿ ತೆರೆದು ಮೂತಿ ಮೇಲೆತ್ತಿದರೆ, ಉಸಿರಿಗೊಮ್ಮೆ ಟಪ್ ಟಪ್ ಸದ್ದಾದರೆ, ಬಾಯಂಚಿನಲ್ಲಿ ನೊರೆ ಕಂಡರೆ, ಹಗಲಲ್ಲೇ ಕಣ್ಣು ಮುಚ್ಚಿದರೆ ಅಂದೇ ಸರೀಸೃಪ ಬಲ್ಲ ಪಶುವೈದ್ಯರಲ್ಲಿಗೆ. ಗಂಟಲ ಕೆಳಗಿನ ಊತವನ್ನೂ ತೋರಿಸಿ, ಅಲ್ಲಿನ ಗಾಳಿಚೀಲದಲ್ಲಿ ಕೀವು ಕಟ್ಟುವುದುಂಟು. ಲೋಳೆಯ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ), ಎಕ್ಸ್‌ರೇ ಮಾಡಿಸಿ, ಎ ಜೀವಸತ್ವದ ಕೊರತೆಯಿದೆಯೇ ಎಂದೂ ಕೇಳಿ. ಔಷಧ ಮುಗಿಯುವವರೆಗೆ ಗೂಡು ರಾತ್ರಿ 22ರ ಕೆಳಗೆ ಇಳಿಯಬಾರದು, ಫಾಗರ್ ಪೂರ್ತಿ ಬಂದ್.