ನೋವಿನ ಮಾತ್ರೆ ನುಂಗುತ್ತೀರಾ? ಕಿಡ್ನಿ ಪರೀಕ್ಷೆ ಹೀಗೆ ಮಾಡಿಸಿ

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿ ಮುಂದೆ ದುಡಿಯುವವರಿಗೂ ಚಳ್ಳಕೆರೆ ಕಡೆ ಬಿಸಿಲಲ್ಲಿ ಶೇಂಗಾ ಕೀಳುವವರಿಗೂ ಸಂಜೆಯಾದರೆ ಮೈಕೈ ನೋವು. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಮಾತ್ರೆ ಸಿಗುತ್ತದೆ. ಅದು ಹೆಚ್ಚಾಗಿ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಅಥವಾ ಐಬುಪ್ರೊಫೆನ್. ಬೆವರು ಸುರಿದು ಮೈಯಲ್ಲಿ ನೀರು ಕಮ್ಮಿಯಾದಾಗ, ಕಿಡ್ನಿ ತನಗೆ ರಕ್ತ ತರುವ ಸಣ್ಣ ನಾಳಗಳನ್ನು ಅಗಲ ಮಾಡಿಕೊಂಡು ಹೇಗೋ ಸಂಭಾಳಿಸುತ್ತದೆ. ಈ ಮಾತ್ರೆಗಳು ಅದಕ್ಕೇ ಅಡ್ಡ ಬರುತ್ತವೆ. ಹೀಗೆ ಕಿಡ್ನಿ ಕೆಡುವಾಗ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಅದಕ್ಕೇ ಪರೀಕ್ಷೆ ಬೇಕು.

ಮೊದಲು ಮನೆಯಲ್ಲಿರುವ ಔಷಧಿಯನ್ನೆಲ್ಲ ಒಂದು ಚೀಲಕ್ಕೆ ಹಾಕಿ ಡಾಕ್ಟರ ಹತ್ತಿರ ಒಯ್ಯಿರಿ. ನಾಟಿ ಪುಡಿ, ಭಸ್ಮವನ್ನೂ ಬಿಡಬೇಡಿ, ಕೆಲವದರಲ್ಲಿ ಸೀಸ, ಪಾದರಸ ಇರುತ್ತವೆ. ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ, ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ, ಮೇಲೊಂದು ನೋವಿನ ಮಾತ್ರೆ: ಈ ಮೂರೂ ಒಟ್ಟಿಗೆ ಸೇರಿದರೆ ಅಪಾಯ ಬಹಳ. ಹಾಗಂತ ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸೋಂಕಿಗೆ ಹಾಕುವ ಜೆಂಟಾಮೈಸಿನ್, ಅಮಿಕಾಸಿನ್ ಇಂಜೆಕ್ಷನ್ ಕೊಡುವಾಗಲೂ ಕಿಡ್ನಿ ಮೇಲೆ ಕಣ್ಣಿಡಬೇಕಾಗುತ್ತದೆ. ಗ್ಯಾಸಿಗೆಂದು ವರ್ಷಗಟ್ಟಲೆ ನುಂಗುವ ಪ್ಯಾಂಟೊಪ್ರಜೋಲ್‌ನಿಂದಲೂ ಅಪರೂಪಕ್ಕೆ ಕಿಡ್ನಿ ಉರಿಯೂತ ಬರುವುದುಂಟು.

ಆಮೇಲೆ ಎರಡು ಪರೀಕ್ಷೆ ಕೇಳಿ. ಒಂದು, ರಕ್ತದ ಕ್ರಿಯಾಟಿನಿನ್, ಅಂದರೆ ಮಾಂಸಖಂಡಗಳಿಂದ ಬಂದು ಕಿಡ್ನಿ ಹೊರಹಾಕಬೇಕಾದ ಕಸ; ಕಿಡ್ನಿ ಸೋತರೆ ಅದು ರಕ್ತದಲ್ಲಿ ಏರುತ್ತದೆ. ಇನ್ನೊಂದು, ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಎಷ್ಟು ಹೋಗುತ್ತಿದೆ ಎಂಬುದು. ಕ್ರಿಯಾಟಿನಿನ್ ‘ನಾರ್ಮಲ್’ ಎಂದು ಬಂದರೆ ಸುಮ್ನೆ ಚೀಟಿ ಮಡಚಿಡಬೇಡಿ. ಬಡಕಲು ಮೈಯ ಅಜ್ಜ, ಅಜ್ಜಿಯರಿಗೆ ಮಾಂಸಖಂಡ ಕಮ್ಮಿ, ಹಾಗಾಗಿ ಕಿಡ್ನಿ ಸೋತಿದ್ದರೂ ಆ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಕ್ರಿಯಾಟಿನಿನ್ ಜೊತೆ ವಯಸ್ಸು ಸೇರಿಸಿ ಲೆಕ್ಕ ಹಾಕುವ ಇ-ಜಿಎಫ್‌ಆರ್, ಅಂದರೆ ಕಿಡ್ನಿ ರಕ್ತ ಸೋಸುವ ವೇಗ, ಎಷ್ಟಿದೆ ಎಂದು ಕೇಳಿ. ಅದು ಮೂರು ತಿಂಗಳಿಗಿಂತ ಹೆಚ್ಚು ಕಾಲ 60ಕ್ಕಿಂತ ಕೆಳಗಿದ್ದರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಎಂದೇ ಅರ್ಥ.

ಹಳೆಯ ಚೀಟಿ ಮಾತ್ರ ಎಸೆಯಬೇಡಿ. 0.8 ಇದ್ದ ಕ್ರಿಯಾಟಿನಿನ್ ಎರಡೇ ದಿನದಲ್ಲಿ 1.1ಕ್ಕೆ ಏರಿದರೆ ಅಂಕಿ ನಾರ್ಮಲ್ ಒಳಗೇ ಇರುತ್ತದೆ, ಆದರೆ ಕಿಡ್ನಿಗೆ ಪೆಟ್ಟು ಬಿದ್ದಿರುತ್ತದೆ. ಹಳೆಯದು ಕೈಯಲ್ಲಿದ್ದರೆ ತಾನೇ ಇದು ಗೊತ್ತಾಗುವುದು? ಬಿಪಿ, ಸಕ್ಕರೆ ಕಾಯಿಲೆ ಇದ್ದವರು ಕಡೇಪಕ್ಷ ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಲೇಬೇಕು. ಬೇಗ ಗೊತ್ತಾಗಿ ಔಷಧಿ ಬದಲಿಸಿದರೆ ಎಷ್ಟೋ ಜನರ ಕಿಡ್ನಿ ಚೇತರಿಸಿಕೊಳ್ಳುತ್ತದೆ.

ಮೂತ್ರ ತೀರಾ ಕಮ್ಮಿಯಾದರೆ, ಕಾಲು ಬಾತರೆ, ಉಸಿರು ಕಟ್ಟಿದಂತಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ವಾಂತಿ, ಭೇದಿ ಆಗುತ್ತಿರುವಾಗ ನೋವಿನ ಮಾತ್ರೆ ಬೇಡವೇ ಬೇಡ. ಬಿಪಿ, ಸಕ್ಕರೆ ಮಾತ್ರೆಗಳನ್ನು ಆ ಎರಡು ದಿನ ಏನು ಮಾಡಬೇಕೆಂದು ಡಾಕ್ಟರಿಗೆ ಫೋನ್ ಮಾಡಿ ಕೇಳಿ.