ನೂರರಿಂದ ಕೂಡಿಸಿದೆ, ದಶಕ ತಾನಾಗಿ ಬಂತು

ನಾಲ್ಕನೇ ತರಗತಿಗೆ ದಶಕಸಹಿತ ಸಂಕಲನವನ್ನು ಮೇಲೆ ಕೆಳಗೆ ಬರೆಸದೆ ಸುಮಾರು ಮೂರು ತಿಂಗಳು ತಳ್ಳುತ್ತೇನೆ ಎಂದಾಗ ನಮ್ಮ ಮುಖ್ಯ ಶಿಕ್ಷಕರು ಒಪ್ಪಲಿಲ್ಲ. "ಪರೀಕ್ಷೆಯಲ್ಲಿ ಅಡ್ಡಡ್ಡ ಬರೆದು ಕುಳಿತರೆ ಅಂಕ ಯಾರು ಕೊಡುತ್ತಾರೆ ಸರ್?" ಎಂದರು. ಸಮಾಲೋಚನಾ ಸಭೆಯಲ್ಲಿ ಒಂದಿಬ್ಬರು ನಕ್ಕರು. ನಮ್ಮದು ಮದ್ದೂರು ತಾಲ್ಲೂಕಿನ ಸಣ್ಣ ಶಾಲೆ. ತರಗತಿಯಲ್ಲಿ 26 ಮಕ್ಕಳು. ಜೂನ್‌ನಲ್ಲಿ ಮೂರಂಕಿ ಲೆಕ್ಕ ಸರಿಯಾಗಿ ಮಾಡುತ್ತಿದ್ದವರು ಏಳೆಂಟು ಮಂದಿ. ಫೆಬ್ರುವರಿ ಹೊತ್ತಿಗೆ 22 ದಾಟಿತ್ತು. ನಕ್ಕವರಲ್ಲಿ ಒಬ್ಬರು ನಾನು ಲೆಕ್ಕಕ್ಕೆ ಬಳಸಿದ ನೂರು, ಹತ್ತು, ಒಂದರ ಕಾರ್ಡುಗಳನ್ನು ಒಯ್ದಿದ್ದಾರೆ, ಇನ್ನೂ ಹಿಂದಿರುಗಿಸಿಲ್ಲ.

378ಕ್ಕೆ 246 ಕೂಡಿಸಿದರೆ 51114 ಎಂದು ಬರೆಯುವ ಮಗು ನಿಮ್ಮ ತರಗತಿಯಲ್ಲೂ ಇರುತ್ತದೆ. ಅದು 5, 11, 14 ಎಂದು ಸಾಲಾಗಿ ಸರಿಯಾಗಿಯೇ ಕೂಡಿಸಿದೆ. ಆ 11 ಯಾವುದರ 11 ಎಂಬುದು ಮಾತ್ರ ಅದಕ್ಕೆ ತಿಳಿದಿಲ್ಲ. "ಕೈಯಲ್ಲಿ ಒಂದು" ಎಂದು ಎಷ್ಟು ಸಲ ಹೇಳಿಕೊಟ್ಟರೂ ಮರುದಿನ ಮತ್ತೆ ಅದೇ ಉತ್ತರ. ಹಾಗಾಗಿ ನಾನು ಎಡದಿಂದ ಹಿಡಿದೆ. ಮುನ್ನೂರು, ಇನ್ನೂರು ಸೇರಿ ಐನೂರು. ಎಪ್ಪತ್ತು, ನಲವತ್ತು ಸೇರಿ ನೂರಹತ್ತು. ಎಂಟು, ಆರು ಸೇರಿ ಹದಿನಾಲ್ಕು. ಮೂರು ಸಾಲು ಬರೆದು ಕೊನೆಗೆ ಒಟ್ಟು: 624. ಮಗು ಸಂಖ್ಯೆಯನ್ನು ಓದುವ ದಿಕ್ಕಿನಲ್ಲೇ ಕೂಡುತ್ತದೆ. ಮೊದಲ ಸಾಲಿನಲ್ಲೇ ಉತ್ತರ ಐನೂರರ ಮೇಲೆ ಎಂದು ಗೊತ್ತಾಗಿರುವುದರಿಂದ 51114 ಬಂದರೆ ತಾನೇ ಅನುಮಾನಪಡುತ್ತದೆ.

ಇಲ್ಲಿಗೆ ಬರುವ ಮೊದಲು ಹಣ ಚೆನ್ನಾಗಿಯೇ ಕರಗಿತು. ಮೊದಲು ತೆಂಗಿನ ಪೊರಕೆಕಡ್ಡಿ ಕತ್ತರಿಸಿ ಹತ್ತರ ಕಟ್ಟು ಮಾಡಿಸಿದೆ. ಕಡ್ಡಿ ಬಿಟ್ಟಿ, ರಬ್ಬರ್ ಬ್ಯಾಂಡಿಗೆ ನೂರು ನೂರೈವತ್ತು ರೂಪಾಯಿ. ಮೂರನೇ ದಿನಕ್ಕೆ ಬ್ಯಾಂಡುಗಳೆಲ್ಲ ಹುಡುಗರ ಬೆರಳಿಗೇರಿ ಕಾಗದದ ಗುಂಡು ಹಾರಿಸಲು ಹೋದವು. ನೂರರ ಕಟ್ಟು ಮಗುವಿನ ಮುಷ್ಟಿಗೆ ಸಿಗುತ್ತಿರಲಿಲ್ಲ. ಕಟ್ಟು ಬಿಚ್ಚಿ ಒಂದೊಂದೇ ಎಣಿಸುವುದರಲ್ಲಿ ಅವಧಿ ಮುಗಿಯುತ್ತಿತ್ತು. ಆಮೇಲೆ ಮೈಸೂರಿನಿಂದ ಪ್ಲಾಸ್ಟಿಕ್ ಮಣಿ ತರಿಸಿದೆ, ಸಾವಿರದ ಎಂಟುನೂರರ ಆಸುಪಾಸು, ನನ್ನ ಜೇಬಿನಿಂದ. ದಾರ ಹರಿದು ಅರ್ಧ ಮಣಿ ಜಗುಲಿಯ ಸಂದಿ ಸೇರಿತು. ಶಾಲಾ ಅನುದಾನದಲ್ಲಿ ಕೇಳಲು ಮುಖವಿರಲಿಲ್ಲ.

ಕೊನೆಗೆ ಕೈಹಿಡಿದದ್ದು ಹಳೆಯ ಮದುವೆ ಆಹ್ವಾನ ಪತ್ರಿಕೆಗಳು. ನಮ್ಮ ಕಡೆ ಮನೆಮನೆಯಲ್ಲಿ ಅವು ರಾಶಿ ಬಿದ್ದಿರುತ್ತವೆ. ಕತ್ತರಿಸಿ ಹಿಂಬದಿಯಲ್ಲಿ ನೂರು, ಹತ್ತು, ಒಂದು ಎಂದು ಮಕ್ಕಳ ಕೈಯಲ್ಲೇ ಬರೆಸಿದೆ. ಸ್ಕೆಚ್ ಪೆನ್ನಿಗೆ ಎಂಬತ್ತು ರೂಪಾಯಿ ಆಯಿತೇನೋ. ಐವತ್ತು, ಇಪ್ಪತ್ತರ ನೋಟು ಬೇಕೆಂದು ಮಕ್ಕಳು ಹಟ ಹಿಡಿದರು, ಕೊಡಲಿಲ್ಲ. ಅವನ್ನು ಸೇರಿಸಿದರೆ ಸ್ಥಾನಬೆಲೆ ಕೆಡುತ್ತದೆ, ಈ ಒಂದು ವಿಷಯದಲ್ಲಿ ರಾಜಿಯಾಗಬೇಡಿ. ಹತ್ತರ ಕಾರ್ಡು ಹನ್ನೊಂದಾದಾಗ ಹತ್ತನ್ನು ಕೊಟ್ಟು ನೂರರ ಒಂದು ಕಾರ್ಡು ಪಡೆಯಬೇಕು. ಅದಕ್ಕೊಂದು ಅಂಗಡಿ, ಅದರಲ್ಲಿ ಲೆಕ್ಕದಲ್ಲಿ ಹಿಂದುಳಿದ ಮಗುವೇ ಯಜಮಾನ. ಆ ಯಜಮಾನಿಕೆಯನ್ನು ಸರದಿಯಲ್ಲಿ ಹಂಚುವುದಕ್ಕೆ ನನ್ನದೊಂದು ಉಪಾಯವಿದೆ. ಶಾಲೆಗೆ ಬಂದವರಿಗೆ ತೋರಿಸುತ್ತೇನೆ, ಬರೆದರೆ ಅದು ಅರ್ಧಂಬರ್ಧವಾಗುತ್ತದೆ.

ನೂರರ ಹತ್ತಿರದ ಸಂಖ್ಯೆಗಳಿಗೆ ಬೇರೆ ದಾರಿ. 398ಕ್ಕೆ 257 ಎಂದಾಗ ಎರಡನ್ನು ಇತ್ತ ಎಳೆದುಕೊಂಡು 400ಕ್ಕೆ 255, ಅಂದರೆ 655. ಇದರಲ್ಲಿ ಅರ್ಧ ತರಗತಿ ಎರಡೂ ಕಡೆ ಎರಡೆರಡು ಸೇರಿಸಿ 659 ತಂದಿತು. ಬಾಯಿಮಾತಿನಲ್ಲಿ ತಿದ್ದಲಾಗಲಿಲ್ಲ. 257ರ ಗುಂಪಿನಿಂದ ಒಂದರ ಎರಡು ಕಾರ್ಡು ನಿಜವಾಗಿ ಎತ್ತಿ ಆಚೆ ಇಡಿಸಿದ ಮೇಲೆ ನಿಂತಿತು. ಆಲೆಮನೆಯಲ್ಲಿ ಅಪ್ಪನ ಜೊತೆ ಇರುವ ಒಬ್ಬ ಹುಡುಗ ಮಾತ್ರ ಯಾರೂ ಹೇಳಿಕೊಡದೆ ಮೊದಲಿನಿಂದಲೂ ಹೀಗೇ ಕೂಡುತ್ತಿದ್ದ. ಬೆಲ್ಲದ ಲೆಕ್ಕ ಅವನಿಗೆ ನನಗಿಂತ ಚೆನ್ನಾಗಿ ಬರುತ್ತದೆ.

ಮಧ್ಯೆ ಒಂದು ತಲೆಹರಟೆ ಪ್ರಯೋಗವನ್ನೂ ಮಾಡಿದೆ. ಉತ್ತರ ಪರೀಕ್ಷಿಸಲು ಒಂಬತ್ತು ಕಳೆಯುವ ಹಳೆಯ ಕ್ರಮವನ್ನು ಕಲಿಸಿದೆ. 378ರ ಅಂಕಿಗಳು ಸೇರಿ 18, ಒಂಬತ್ತು ಕಳೆಯುತ್ತ ಹೋದರೆ ಸೊನ್ನೆ. 246ರದು 12, ಅಂದರೆ 3. ಉತ್ತರ 624ರದೂ 3. ಮಕ್ಕಳಿಗೆ ಇದು ಮಂತ್ರದಂತೆ ಹಿಡಿಸಿತು. ಒಂದು ಹುಡುಗಿ 642 ಎಂದು ಬರೆದು, ಪರೀಕ್ಷಿಸಿ, "ಸರಿ ಇದೆ ಸರ್" ಎಂದಳು. ಅಂಕಿ ಅದಲುಬದಲಾದರೆ ಈ ಪರೀಕ್ಷೆಗೆ ಗೊತ್ತೇ ಆಗುವುದಿಲ್ಲವಲ್ಲ! ಅಲ್ಲಿಗೆ ಕೈಬಿಟ್ಟೆ. ವ್ಯವಕಲನಕ್ಕೆ ಅಂಗಡಿಯವರ ಚಿಲ್ಲರೆ ಲೆಕ್ಕ ಮಾತ್ರ ಗೆದ್ದಿತು: 378ರಿಂದ 500ಕ್ಕೆ ಎರಡು, ಇಪ್ಪತ್ತು, ನೂರು ಎಂದು ಏರಿದರೆ 122. ಅದರ ಬಗ್ಗೆ ಬರೆಯಲು ಬೇರೆ ಲೇಖನವೇ ಬೇಕು.

ದೊಡ್ಡ ತಲೆನೋವು ಮನೆಪಾಠ. ಇಲ್ಲಿ ನೂರರಿಂದ ಕೂಡಿಸಿದ ಮಗು ಸಂಜೆ ಅಲ್ಲಿ ಬಿಡಿಯಿಂದ ಕೂಡಿಸಬೇಕು, ಇಲ್ಲದಿದ್ದರೆ ಬೈಗುಳ. ಒಬ್ಬ ತಾಯಿ ಬಂದು, "ಮೇಷ್ಟ್ರೇ, ನಮ್ಮ ಹುಡುಗನಿಗೆ ದಶಕವನ್ನೇ ಹೇಳಿಕೊಟ್ಟಿಲ್ಲವಂತೆ" ಎಂದರು. ವಾದ ಮಾಡಲಿಲ್ಲ. ಅವರ ಡೇರಿ ಪುಸ್ತಕದಿಂದ ನಾಲ್ಕು ದಿನದ ಹಾಲಿನ ದುಡ್ಡನ್ನು ಹುಡುಗನಿಂದ ಬಾಯಿಲೆಕ್ಕದಲ್ಲಿ ಕೂಡಿಸಿದೆ. ಅವರು ಮೊಬೈಲ್ ತೆಗೆದು ಒತ್ತಿ ನೋಡುವಷ್ಟರಲ್ಲಿ ಇವನ ಉತ್ತರ ಬಂದಿತ್ತು. ಆಮೇಲೆ ಆ ಮನೆಯಿಂದ ದೂರಿಲ್ಲ.

ನವೆಂಬರ್‌ನಲ್ಲಿ ಪಠ್ಯಪುಸ್ತಕದ ಕ್ರಮವನ್ನು ಹಿಡಿದಾಗ ಹೆಚ್ಚೆಂದರೆ ಒಂದು ವಾರ ಹಿಡಿಯಿತು. ಮೂರು ಸಾಲನ್ನು ಒಂದೇ ಸಾಲಿಗೆ ಇಳಿಸುವುದಷ್ಟೇ ಕೆಲಸ. ನೂರರ ಸ್ಥಾನದ ಮೇಲೆ ಬರೆಯುವ ಆ "ಒಂದು" ಅಂದರೆ ನೂರರ ಕಾರ್ಡು ಎಂದು ಮಕ್ಕಳೇ ಹೇಳಿದರು. ಮುಖ್ಯ ಶಿಕ್ಷಕರ ಅಂಕದ ಚಿಂತೆಯೂ ಅಲ್ಲಿಗೆ ತೀರಿತು.

ಬಗೆಹರಿಯದೆ ಉಳಿದದ್ದು ನಡುವೆ ಸೊನ್ನೆ ಇರುವ ಲೆಕ್ಕ. 405ಕ್ಕೆ 298 ಎಂದಾಗ 600, 90, 13 ಸೇರಿ 703 ಬರಬೇಕು. ಮೂರು ನಾಲ್ಕು ಮಕ್ಕಳು ಇನ್ನೂ 405ನ್ನು 45 ಮಾಡಿಕೊಂಡು ಶುರು ಮಾಡುತ್ತಾರೆ. ಹತ್ತರ ಜಾಗಕ್ಕೆ ಏನೂ ಬರೆಯದ ಖಾಲಿ ಕಾರ್ಡು ಇಡಿಸುತ್ತಿದ್ದೇನೆ, ಇಬ್ಬರಿಗೆ ಹತ್ತಿದೆ. ಉಳಿದವರಿಗೆ ನಿಮ್ಮಲ್ಲಿ ಯಾರ ಬಳಿಯಾದರೂ ಉಪಾಯವಿದ್ದರೆ ಹೇಳಿ, ಯಜಮಾನನ ಸರದಿಯ ಗುಟ್ಟನ್ನು ಬದಲಿಗೆ ಕೊಡುತ್ತೇನೆ.